ಆರರ ಕೆಳಗೆ ಮೂವತ್ತಾರು

ನಾವು ನೆರಿಯಕ್ಕೆ ಬಂದು ನೆಲೆಸಿ ಹಲವು ವರ್ಷಗಳಾದವು. ಹುಟ್ಟೂರು ದಾವಣಗೆರೆಯ ಕಡೆಯ ಬಯಲುಸೀಮೆ. ಅಲ್ಲಿ ಕಟ್ಟೆಯ ಮೇಲೆ ಕುಳಿತರೆ ಪಕ್ಕದೂರಿನ ಗುಡಿಯ ಶಿಖರ ಕಾಣುತ್ತದೆ. ಸಂತೆಯಿಂದ ಮರಳುವ ಬಂಡಿ ಯಾರದೆಂದು ಎತ್ತಿನ ನಡಿಗೆಯಿಂದಲೇ ಹೇಳುವ ಹಿರಿಯರಿದ್ದರು. ಚಾರ್ಮಾಡಿ ಘಟ್ಟದ ಬುಡದ ಈ ಊರಿನಲ್ಲಿ ಕಣ್ಣಿಗೆ ಅಷ್ಟು ದೂರದ ಕೆಲಸವಿಲ್ಲ. ಅಂಗಳ ದಾಟಿದರೆ ಅಡಿಕೆ ತೋಟ, ಅದರಾಚೆ ರಬ್ಬರು, ಅದರಾಚೆ ಕಾಡುಗುಡ್ಡ. ಮಳೆಗಾಲದಲ್ಲಿ ಗುಡ್ಡವೂ ಮಂಜಿನಲ್ಲಿ ಅಡಗುತ್ತದೆ. ಇಂಥ ಕಡೆ ಮಗುವಿನ ಕಣ್ಣು ಮಸುಕಾಗಿದ್ದರೆ ಮನೆಯವರಿಗೆ ತಿಳಿಯುವುದು ತಡ. ಆದರೆ ನಮ್ಮ ಮನೆಯಲ್ಲಿ ಆದ ತಡಕ್ಕೆ ಊರನ್ನು ದೂರುವಂತಿಲ್ಲ. ತಪ್ಪು ನಮ್ಮದೇ.

ನಮ್ಮದು ಅಧ್ಯಾಪಕ ವೃತ್ತಿ. ಶಾಲೆಯಲ್ಲಿ ಮಕ್ಕಳ ಕಣ್ಣಿನ ಮೊದಲ ತಪಾಸಣೆಯನ್ನು ಆ ವರ್ಷ ನಾವೇ ಮಾಡಿದೆವು. ಗೋಡೆಗೆ ಅಕ್ಷರಪಟ ತೂಗುಹಾಕಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಳ್ಳಲು ಹೇಳಿ ಓದಿಸಿದೆವು. ಎರಡನೆಯ ತರಗತಿಯಲ್ಲಿದ್ದ ನಮ್ಮ ಕಿರಿಯ ಮಗಳು ಎರಡು ಸಲವೂ ತಡವರಿಸದೆ ಓದಿದಳು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಸರಿ’ ಎಂದು ಬರೆದೆವು.

ಕೆಲವು ತಿಂಗಳ ಮೇಲೆ ಅವಳ ಬಲಗಣ್ಣಿನ ರೆಪ್ಪೆಗೆ ಹುಳ ಕಚ್ಚಿ, ಊದಿಕೊಂಡು ಕಣ್ಣು ಪೂರ್ತಿ ಮುಚ್ಚಿಹೋಯಿತು. ನಡುಹಗಲಿನಲ್ಲಿ ಪುಸ್ತಕ ಹಿಡಿದುಕೊಂಡು, “ಅಪ್ಪಾಜಿ, ಲೈಟು ಹಾಕಿ, ಏನೂ ಕಾಣಿಸುತ್ತಿಲ್ಲ” ಎಂದಳು. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಓದೆಂದೆವು. ಬರಿಯ ಬಿಳಿಯ ಕಾಗದ ಕಾಣುತ್ತದೆ ಎಂದಳು. ಆ ಮಾತು ಕೇಳಿದ ಮೇಲೆ ಮನೆಯವರಿಗೆ ಆ ರಾತ್ರಿ ಊಟ ಸೇರಲಿಲ್ಲ. ನಮಗೆ ನಾಚಿಕೆಯೂ ಸೇರಿ ನಿದ್ದೆ ಬರಲಿಲ್ಲ. ಕೈಯಿಂದ ಕಣ್ಣು ಮುಚ್ಚಿದ ಮಗು ಬೆರಳ ಸಂದಿಯಿಂದ ನೋಡುತ್ತದೆ; ಸಾಲಿನಲ್ಲಿ ಮುಂದೆ ನಿಂತವರು ಓದಿದ್ದು ಹಿಂದಿನವರಿಗೆ ಬಾಯಿಪಾಠವಾಗುತ್ತದೆ. ಇಷ್ಟು ವರ್ಷ ಮಕ್ಕಳ ನಡುವೆ ಬಾಳಿದ ನಮಗೆ ಇದು ಹೊಳೆಯಬೇಕಿತ್ತು.

ಊತ ಇಳಿದ ಮೇಲೆ ಬೆಳ್ತಂಗಡಿಗೆ ಕರೆದೊಯ್ದು ತೋರಿಸಿದೆವು. ಚೀಟಿಯಲ್ಲಿ ಬಲಗಣ್ಣು 6/6, ಎಡಗಣ್ಣು 6/36 ಎಂದು ಬರೆದುಕೊಟ್ಟರು. “ಮಾಷ್ಟ್ರೇ, ಮೂವತ್ತೈದಕ್ಕೆ ಪಾಸು, ಮಗುವಿಗೆ ಮೂವತ್ತಾರು ಬಂದಿದೆಯಲ್ಲ” ಎಂದು ನೆರೆಮನೆಯವರು ಧೈರ್ಯ ಹೇಳಿದರು. ಗಣಿತ ಹೇಳಿಕೊಡುವ ನಾವಾದರೋ ಭಿನ್ನರಾಶಿಯನ್ನು ಸುಲಭೀಕರಿಸಿ, ಆರರಲ್ಲಿ ಒಂದೇ ಪಾಲು ದೃಷ್ಟಿ ಉಳಿದಿದೆಯೆಂದು ಎದೆಗುಂದಿದೆವು. ಎರಡೂ ತಪ್ಪು ಲೆಕ್ಕ. ಮುಂದೆ ಮಂಗಳೂರಿನಲ್ಲಿ ಕಂಡ ವೈದ್ಯರು ನಗುತ್ತ, “ಇದನ್ನು ಸುಲಭೀಕರಿಸಬಾರದು ಮಾಷ್ಟ್ರೇ, ಇದು ಅಂಕವೂ ಅಲ್ಲ, ಪಾಲೂ ಅಲ್ಲ, ಎರಡು ದೂರಗಳು” ಎಂದರು.

ಮೇಲಿನ ಆರು, ನೋಡುವವರು ಪಟದಿಂದ ನಿಂತ ದೂರ, ಆರು ಮೀಟರು. ಕೆಳಗಿನ ಸಂಖ್ಯೆ, ಅದೇ ಸಾಲನ್ನು ಒಳ್ಳೆಯ ಕಣ್ಣು ಎಷ್ಟು ದೂರದಿಂದ ಓದಬಲ್ಲದೆಂಬುದು. ಬೇರೆಯವರು 36 ಮೀಟರಿನಿಂದ ಓದುವುದನ್ನು ನಮ್ಮ ಮಗಳ ಎಡಗಣ್ಣು ಆರು ಮೀಟರಿಗೆ ಬಂದು ಓದುತ್ತದೆ. ಅಮೆರಿಕದಲ್ಲಿ ಅಡಿಯ ಲೆಕ್ಕವಾದ್ದರಿಂದ ಅಲ್ಲಿನ 20/20 ಎಂಬುದೇ ನಮ್ಮ 6/6. ಈ ಪಟವನ್ನು 1862ರಲ್ಲಿ ರೂಪಿಸಿದವರು ಹಾಲೆಂಡಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿ, ಅದರಲ್ಲಿ ಐದು ಪಾಲಿನ ಕೋನಕ್ಕೆ ಇಡೀ ಅಕ್ಷರವೂ, ಒಂದು ಪಾಲಿಗೆ ಅದರ ಗೆರೆಯ ದಪ್ಪವೂ ಹೊಂದುವಂತೆ ಅವರು ಲೆಕ್ಕ ಹಾಕಿದರು. ಅದರಂತೆ 6/6ರ ಸಾಲಿನ ಅಕ್ಷರ ಒಂಬತ್ತು ಮಿಲಿಮೀಟರಿಗೂ ತುಸು ಕಡಿಮೆ, 6/60ರ ದೊಡ್ಡಕ್ಷರ ಅದರ ಹತ್ತರಷ್ಟು. ಅದನ್ನೂ ಓದಲಾರದವರಿಗೆ ಪಟದ ಹತ್ತಿರ ಬರಹೇಳುತ್ತಾರೆ. ಆಮೇಲೆ ಬೆರಳೆಣಿಕೆ, ಕೈಯಾಡಿಕೆ, ಕೊನೆಗೆ ಬೆಳಕಿನ ಅರಿವು. ಇನ್ನೊಂದು ತುದಿಯಲ್ಲಿ 6/6 ಎಂಬುದು ಪರಮಾವಧಿಯೂ ಅಲ್ಲ. ಎಳೆಯರಲ್ಲಿ ಅನೇಕರು 6/5ರ ಸಾಲನ್ನೂ ಓದುತ್ತಾರೆ.

ಗುಂಡುಗುಂಡಾದ ನಮ್ಮ ಕನ್ನಡ ಅಕ್ಷರಗಳು ಈ ಐದು ಪಾಲಿನ ಚೌಕಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ‘ರ’ಕ್ಕೂ ‘ಠ’ಕ್ಕೂ ಇರುವ ಅಂತರ ಒಂದು ಚುಕ್ಕೆಯದು. ಅಕ್ಷರ ಬಾರದವರಿಗೂ ಎಳೆಯ ಮಕ್ಕಳಿಗೂ ನಾಲ್ಕು ದಿಕ್ಕಿಗೆ ತಿರುಗಿಸಿದ ಇಂಗ್ಲಿಷಿನ ‘ಇ’ ತೋರಿಸಿ, ಅದರ ಬಾಯಿ ಯಾವ ಕಡೆಗಿದೆಯೆಂದು ಕೈಯಿಂದ ಸೂಚಿಸಹೇಳುವ ಪದ್ಧತಿಯೇ ಮೇಲೆಂದು ನಮಗೆ ತೋರುತ್ತದೆ. ಅದನ್ನು ತಿರುತಿರುಗಿಸಿ ತೋರಿಸಿದರೆ ಬಾಯಿಪಾಠಕ್ಕೆ ಎಡೆಯಿಲ್ಲ.

ಈ ಸಂಖ್ಯೆಗೂ ಕನ್ನಡಕದ ನಂಬರಿಗೂ ಗೊಂದಲ ಮಾಡಿಕೊಳ್ಳುವವರು ಬಹಳ. ಕನ್ನಡಕದ ನಂಬರು ಗಾಜಿನ ಶಕ್ತಿ. ಅದು ಎಷ್ಟೇ ಇರಲಿ, ಕನ್ನಡಕ ಹಾಕಿದ ಮೇಲೆ ಎಷ್ಟನೆಯ ಸಾಲು ಓದುತ್ತಾರೆ ಎಂಬುದು ಮುಖ್ಯ. ವೈದ್ಯರು ಸಣ್ಣ ರಂಧ್ರವಿರುವ ಕಪ್ಪು ಬಿಲ್ಲೆಯೊಂದನ್ನು ಮಗುವಿನ ಎಡಗಣ್ಣಿಗೆ ಹಿಡಿದು ಮತ್ತೆ ಓದಿಸಿದರು. ಆ ರಂಧ್ರದಿಂದ ಸಾಲು ಸ್ಪಷ್ಟವಾದರೆ ದೋಷ ಗಾಜಿನಿಂದ ತಿದ್ದುವಂಥದು. ಅವಳು ಒಂದು ಸಾಲು ಇಳಿದು ನಿಂತುಬಿಟ್ಟಳು. ಎಡಗಣ್ಣಿನಲ್ಲಿ ಹುಟ್ಟಿನಿಂದಲೇ ಇದ್ದ ದೋಷದಿಂದ ಮಸುಕು ಚಿತ್ರ ಬರುತ್ತಿದ್ದುದರಿಂದ ಮಿದುಳು ಅದನ್ನು ಕಡೆಗಣಿಸಿ ಬಲಗಣ್ಣನ್ನೇ ನೆಚ್ಚಿಕೊಂಡಿದೆ, ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ ಎಂದರು. ಏಳೆಂಟು ವಯಸ್ಸಿನೊಳಗೆ ಚಿಕಿತ್ಸೆ ಹಿಡಿದರೆ ಫಲ ಹೆಚ್ಚು, ತಡವಾದಷ್ಟೂ ಕಡಿಮೆ. ಅವಳಿಗಾಗ ಏಳು ತುಂಬಿತ್ತು. ನಾವು ‘ಸರಿ’ ಎಂದು ಬರೆದು ಕಳೆದ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದೆವು.

ಇದೇ ಹೊತ್ತಿನಲ್ಲಿ ನಮ್ಮ ತಾಯಿಯವರ ಕಣ್ಣನ್ನೂ ಅಳೆಸಿದೆವು. ಅವರು ಒಂದು ವರ್ಷದಿಂದ ಓದುವ ಕನ್ನಡಕವನ್ನು ಬದಿಗಿಟ್ಟಿದ್ದರು. ಪೂಜೆಯಲ್ಲಿ ಅಂಗೈಯ ಇಷ್ಟಲಿಂಗ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ, ಕಣ್ಣು ಮರಳಿ ಬಂದಿದೆ ಎಂದು ಹಿಗ್ಗುತ್ತಿದ್ದರು. ಪೊರೆ ಬಲಿಯುವಾಗ ಕೆಲವರಿಗೆ ಹತ್ತಿರದ ನೋಟ ಹೀಗೆ ಕೆಲಕಾಲ ಚುರುಕಾಗುವುದುಂಟಂತೆ. ದೂರದ ನೋಟ 6/60ಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆ ಎಂದೊಡನೆ ಬೆದರಿದರು. ಬೀಳಗಿಯ ಡಾ. ಎಂ. ಸಿ. ಮೋದಿಯವರ ಉಚಿತ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ ಅವರ ತಂದೆಯವರು ಕಡೆಯವರೆಗೂ ತೊಟ್ಟಿದ್ದ ದಪ್ಪ ಕನ್ನಡಕ ಅವರ ನೆನಪಿನಲ್ಲಿತ್ತು. ಈಗ ಕಣ್ಣೊಳಗೇ ಮಸೂರವಿಡುತ್ತಾರೆಂದು ಒಪ್ಪಿಸಬೇಕಾಯಿತು. ಇಂದು ಅವರದು 6/9.

ನಮ್ಮ ದೇಶದಲ್ಲಿ 2017ರವರೆಗೆ, ಮೇಲಾದ ಕಣ್ಣಿನಲ್ಲಿ 6/60ಕ್ಕಿಂತ ಕಡಿಮೆ ದೃಷ್ಟಿಯಿದ್ದರೆ ಅಂಧತ್ವವೆಂದು ಎಣಿಸುತ್ತಿದ್ದರು. ಆ ವರ್ಷ ಗೆರೆಯನ್ನು 3/60ಕ್ಕೆ ಸರಿಸಿದರು. ಕಣ್ಣುಗಳು ಇದ್ದಂತೆಯೇ ಇದ್ದವು, ಲೆಕ್ಕದಲ್ಲಿ ಅಂಧರು ಕಡಿಮೆಯಾದರು.

ಮಗಳಿಗೆ ಕನ್ನಡಕ ಬಂತು. ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ. ಮೊದಲ ವಾರಗಳಲ್ಲಿ ಅತ್ತಳು, ಹೊಸ್ತಿಲು ಎಡವಿದಳು, ಪಟ್ಟಿ ಕಿತ್ತು ಅಡಿಕೆ ತೋಟಕ್ಕೆ ಎಸೆದಳು. ಅಜ್ಜಿಯೂ ತಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಚೌಕಾಬಾರ ಆಡಲು ಕುಳಿತ ಮೇಲೆ ಹಾದಿಗೆ ಬಂದಳು. 6/36 ಮೊದಲು 6/24 ಆಯಿತು, ಮಳೆಗಾಲ ಕಳೆದ ಮೇಲೆ 6/18. ಒಂದೂವರೆ ವರ್ಷಕ್ಕೆ 6/12ಕ್ಕೆ ಬಂದು ನಿಂತಿದೆ. 6/6 ಆಗಲಾರದೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಶಾಲೆಯಲ್ಲಿ ಈಗ ಆರು ಮೀಟರನ್ನು ಟೇಪಿನಿಂದ ಅಳೆದು ನೆಲಕ್ಕೆ ಬಣ್ಣದ ಗೆರೆ ಎಳೆದಿದ್ದೇವೆ. ಕೈಯ ಬದಲು ದಪ್ಪ ರಟ್ಟು. ಒಬ್ಬರು ಓದುವಾಗ ಉಳಿದವರು ಹೊರಗೆ. ಮೊನ್ನೆ ಮಗಳು ಆ ಗೆರೆಯ ಮೇಲೆ ನಿಂತು ಕೇಳಿದಳು: “ಬೇರೆಯವರು ಹನ್ನೆರಡು ಮೀಟರಿನಿಂದ ಓದುವುದನ್ನು ನಾನು ಆರರಿಂದ ಓದುತ್ತೇನೆ. ಹಾಗಾದರೆ ಇನ್ನಾರು ಮೀಟರು ಮುಂದೆ ಬಂದು ನಿಂತರೆ ಆಯಿತಲ್ಲವೇ ಅಪ್ಪಾಜಿ?”

ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ.