ಓದಿನ ಹಂಗಾಮು

ಜನವರಿ ಬಂತೆಂದರೆ ಓದುವ ಹುಡುಗರ ಫೋನುಗಳಲ್ಲಿ ಅಂಕಿಗಳು ಹರಿದಾಡುತ್ತವೆ. ಈ ವರ್ಷ ಐವತ್ತು ಪುಸ್ತಕ ಎಂದು ಒಬ್ಬ, ನೂರು ಎಂದು ಇನ್ನೊಬ್ಬಳು. ಓದಿಗಾಗಿ ಪಣ ತೊಡುವವರನ್ನು ಕಂಡರೆ ನನಗೆ ಎಲ್ಲಿಲ್ಲದ ಸಂತೋಷ. ಆದರೆ ದೇವರ ಹಿಪ್ಪರಗಿಯ ಎರಿ ಹೊಲ ನಂಬಿ ಬದುಕುವ ನನ್ನಂಥವನಿಗೆ ವರ್ಷ ಜನವರಿಯಲ್ಲಿ ಹುಟ್ಟುವುದಿಲ್ಲ. ಆಗ ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಬಂದಿರುತ್ತೇವೆ, ಬಿಳಿಜೋಳ ಹಾಲುಗಾಳು ಕಟ್ಟಿರುತ್ತದೆ, ಕೆಲಸ ನಟ್ಟನಡುವೆ ಇರುತ್ತದೆ. ನನ್ನ ಓದಿನ ವರ್ಷ ಶುರುವಾಗುವುದು ಯುಗಾದಿಗೆ. ರಾಶಿ ಮುಗಿದು, ಕಣ ಖಾಲಿಯಾಗಿ, ಬಿಸಿಲಿಗೆ ಎರಿ ಬಿರಿಯತೊಡಗಿದಾಗ, ಬೇವು ಕುಡಿದ ಮಧ್ಯಾಹ್ನ ಕೂತು ಆ ವರ್ಷ ಓದಬೇಕಾದ ಪುಸ್ತಕಗಳ ಹೆಸರು ಬರೆದಿಡುತ್ತೇನೆ. ಪ್ರತಿ ಹೆಸರಿನ ಮುಂದೆ ಒಂದು ಹಂಗಾಮು ಬರೆಯುತ್ತೇನೆ.

ಚೈತ್ರ, ವೈಶಾಖದಲ್ಲಿ ಹೊಲದ ಕೆಲಸ ಕಡಿಮೆ, ಹಗಲು ಉದ್ದ, ಹೊರಗೆ ಕಾಲಿಡಲಾಗದ ಬಿಸಿಲು. ದಪ್ಪ ಕಾದಂಬರಿಗಳಿಗೆ ಅದೇ ಕಾಲ. ಮಿರಗದ ಮಳೆ ಬಿದ್ದು ತೊಗರಿ ಬಿತ್ತುವ ದಿನಗಳಲ್ಲಿ ಸಣ್ಣ ಕಥೆ, ಅದೂ ರಾತ್ರಿ ಊಟವಾದ ಮೇಲೆ. ಶ್ರಾವಣ ಮಠದ ಪುರಾಣಕ್ಕೆ, ನವರಾತ್ರಿ ದೇವಿ ಪುರಾಣಕ್ಕೆ ಮೀಸಲು. ಇವುಗಳ ಜೊತೆಗೆ ಈ ವರ್ಷ ಕುಮಾರವ್ಯಾಸನ ಭಾರತವನ್ನು ಇಡಿಯಾಗಿ ಓದಬೇಕೆಂದು ಸಂಕಲ್ಪ ಮಾಡಿದ್ದೇನೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಆತ ಬರೆದದ್ದು ಹತ್ತು ಪರ್ವ. ತಿಂಗಳಿಗೊಂದು ಪರ್ವವೆಂದರೆ ಆದಿಪರ್ವ ಚೈತ್ರಕ್ಕೆ, ಗದಾಪರ್ವ ಪುಷ್ಯಕ್ಕೆ ಬೀಳುತ್ತದೆ. ದುರ್ಯೋಧನ ಕೊಳದಲ್ಲಿ ಅಡಗುವ ಹೊತ್ತಿಗೆ ನಾನು ಜೋಳ ಕಾಯುವ ಅಟ್ಟಣಿಗೆಯ ಮೇಲಿರುತ್ತೇನೆ. ಭಾಮಿನಿ ಷಟ್ಪದಿಯನ್ನು ಗಟ್ಟಿಯಾಗಿ ಓದಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಮೂರನೆಯ ಸಾಲಿಗೂ ಆರನೆಯ ಸಾಲಿಗೂ ಬಂದಾಗ ಸಾಲು ಉದ್ದವಾಗುತ್ತದೆ, ದನಿ ಏರಿಸಲೇಬೇಕು. ಏರಿಸಿದೊಡನೆ ತೆನೆಗೆ ಕೂತ ಗುಬ್ಬಿಗಳ ಹಿಂಡು ಬುರ್ರನೆ ಮೇಲೇಳುತ್ತದೆ. ಕವಣೆ ಬೀಸುವ ಕೆಲಸ ಅರ್ಧ ತಪ್ಪುತ್ತದೆ. ಕೆಳಗೆ ಸೀತನಿ ಸುಡುವ ಹೊಗೆ, ಮೇಲೆ ಭೀಮನ ಗದೆ.

ನನ್ನ ಪಟ್ಟಿಯಲ್ಲಿ ಹೆಚ್ಚಿನವು ಫ್ಯಾಂಟಸಿ. ಪೇಟೆಯ ಓದುಗರು ಈ ಮಾತನ್ನು ಹೊರಗಿನಿಂದ ಬಂದ ಸರಕಿನಂತೆ ಆಡುತ್ತಾರೆ. ವಿಜಯಪುರ ಜಿಲ್ಲೆಯ ಯಾವ ಊರಿಗಾದರೂ ಶ್ರಾವಣದಲ್ಲಿ ಬಂದು ನೋಡಿ, ಫ್ಯಾಂಟಸಿ ಕೇಳಲು ಊರಿಗೆ ಊರೇ ಕೂತಿರುತ್ತದೆ. ಸಂಜೆಯಾದ ಮೇಲೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಕೆಂಪು ಅರಿವೆ ಬಿಚ್ಚಿ ಪುಸ್ತಕವನ್ನು ಪೀಠದ ಮೇಲಿಡುತ್ತಾರೆ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ, ನಡುನಡುವೆ ಗವಾಯಿಗಳು ಹಾರ್ಮೋನಿಯಂ ಹಿಡಿದು ಒಂದು ಪದ ಹಾಡುತ್ತಾರೆ, ತಬಲಾ ಕೂಡುತ್ತದೆ. ಹೊಲದಿಂದ ಬಂದವರು ಕಾಲು ತೊಳೆದುಕೊಂಡು ಸೀದಾ ಅಲ್ಲಿಗೇ ಬರುತ್ತಾರೆ. ಒಂದು ಪುಸ್ತಕ, ಒಂದು ತಿಂಗಳು, ಒಂದು ಊರು. ನಿನ್ನೆ ಎಲ್ಲಿ ನಿಂತಿತ್ತು ಎಂದು ಯಾರಾದರೂ ಮರೆತರೆ ಬಾಜು ಕೂತ ಆಯಿ ಹೇಳಿಬಿಡುತ್ತಾಳೆ.

ಪುರಾಣದಲ್ಲಿ ಶರಣನೊಬ್ಬ ಹುಟ್ಟುವ ಅಧ್ಯಾಯ ಬರುವ ದಿನವನ್ನು ನೋಡಬೇಕು. ಅಂದು ಮಠಕ್ಕೆ ತೊಟ್ಟಿಲು ಬರುತ್ತದೆ. ತೊಟ್ಟಿಲಿಗೆ ಹೂವಿನ ಮಾಲೆ, ಒಳಗೆ ಮೂರ್ತಿ. ಹೆಣ್ಣುಮಕ್ಕಳು ಸುತ್ತ ನಿಂತು ಜೋಗುಳ ಹಾಡುತ್ತ ತೂಗುತ್ತಾರೆ, ಹೆಸರಿಡುತ್ತಾರೆ, ನೆರೆದವರಿಗೆಲ್ಲ ಸಕ್ಕರೆ ಹಂಚುತ್ತಾರೆ. ಮದುವೆಯ ಅಧ್ಯಾಯದ ದಿನ ಅಕ್ಕಿಕಾಳು ಬೀಳುತ್ತವೆ. ಮಂಗಲದ ದಿನ ಮೆರವಣಿಗೆ, ಹುಗ್ಗಿಯ ಊಟ. ಪುಸ್ತಕದೊಳಗೆ ಹುಟ್ಟಿದ ಕೂಸಿಗೆ ಪುಸ್ತಕದ ಹೊರಗೆ ತೊಟ್ಟಿಲು ಕಟ್ಟಿ ತೂಗುವ ಓದುಗರು ಇನ್ನೆಲ್ಲಿ ಸಿಗುತ್ತಾರೆ? ಪಾತ್ರಗಳ ವೇಷ ತೊಟ್ಟು ಪುಸ್ತಕ ಮೇಳಗಳಿಗೆ ಹೋಗುವ ಪರದೇಶದ ಅಭಿಮಾನಿಗಳ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಈ ತೊಟ್ಟಿಲು ಕಣ್ಣ ಮುಂದೆ ಬರುತ್ತದೆ. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಎಣಿಸಿ ಓಡುವ ಓದಿಗೆ ಈ ಸುಖ ದಕ್ಕುವುದಿಲ್ಲ. ಕಟ್ಟುಕತೆಯ ಲೋಕ ನಮ್ಮೊಳಗೆ ಬೇರು ಬಿಡಬೇಕಾದರೆ ಅದರ ಜೊತೆ ಒಂದು ಹಂಗಾಮು ಕಳೆಯಬೇಕು, ಅದೂ ಬಳಗದೊಡನೆ.

ಹದಿನೈದನೆಯ ಶತಮಾನದಲ್ಲಿ ಚಾಮರಸ ಬರೆದ ‘ಪ್ರಭುಲಿಂಗಲೀಲೆ’ಯಲ್ಲಿ ಇಪ್ಪತ್ತೈದು ಗತಿಗಳಿವೆ, ಒಂದು ಶ್ರಾವಣಕ್ಕೆ ಅಳತೆ ಮಾಡಿ ಹೊಲಿದಂತೆ. ಅದರಲ್ಲಿ ಗೋರಕ್ಷನ ಪ್ರಸಂಗ ಬಂದ ರಾತ್ರಿ ಮಠದಲ್ಲಿ ಕೆಮ್ಮು ಕೂಡ ಕೇಳಿಸುವುದಿಲ್ಲ. ಸಾಧನೆಯಿಂದ ದೇಹವನ್ನು ವಜ್ರ ಮಾಡಿಕೊಂಡ ಸಿದ್ಧ ಗೋರಕ್ಷ, ಆ ಕಾವ್ಯದ ನಾಯಕ ಅಲ್ಲಮಪ್ರಭುವಿಗೆ ತನ್ನನ್ನು ಕತ್ತಿಯಿಂದ ಹೊಡೆದು ನೋಡು ಎನ್ನುತ್ತಾನೆ. ಅಲ್ಲಮ ಹೊಡೆಯುತ್ತಾನೆ, ಖಣ್ಣೆಂದು ಸದ್ದಾಗುತ್ತದೆ, ಮೈಯ ಒಂದು ಕೂದಲೂ ಕೊಂಕುವುದಿಲ್ಲ. ಈಗ ನನ್ನನ್ನು ಹೊಡೆ ಎನ್ನುತ್ತಾನೆ ಅಲ್ಲಮ. ಗೋರಕ್ಷ ಬೀಸಿದ ಕತ್ತಿ ಗಾಳಿಯಲ್ಲಿ ಹಾದಂತೆ ಹಾದುಹೋಗುತ್ತದೆ, ಯಾವ ಸದ್ದೂ ಇಲ್ಲ. ಗೋರಕ್ಷ ಸೋತದ್ದು ಅಲ್ಲಿಯೇ. ಎಷ್ಟು ಗಟ್ಟಿಯಾದರೂ ದೇಹ ದೇಹವೇ. ಇಷ್ಟು ದೊಡ್ಡ ವಿಚಾರವನ್ನು ಎರಡು ಕತ್ತಿಯೇಟಿನಲ್ಲಿ ಹೇಳಿದ ಇನ್ನೊಂದು ಫ್ಯಾಂಟಸಿ ನನ್ನ ಓದಿನಲ್ಲಿ ಬಂದಿಲ್ಲ.

ನವರಾತ್ರಿಯಲ್ಲಿ ಓದುವ ದೇವಿ ಪುರಾಣ ಚಿದಾನಂದಾವಧೂತರದು, ಸಿಂಧನೂರು ಸೀಮೆಯ ಅಂಬಾಮಠದಲ್ಲಿ ಹುಟ್ಟಿದ್ದು. ಹದಿನೆಂಟು ಅಧ್ಯಾಯ. ಹಿಂಗಾರಿ ಜೋಳದ ಬಿತ್ತಿಗೆಯ ಗಡಿಬಿಡಿಯಲ್ಲೂ ಮನೆಮನೆಯಲ್ಲಿ ಅದರ ಪಾರಾಯಣ ನಡೆಯುತ್ತದೆ. ಅದರ ರಕ್ತಬೀಜನನ್ನು ನೆನೆದುಕೊಳ್ಳಿ. ಅವನ ರಕ್ತದ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಅವನಂಥವನೇ ಒಬ್ಬ ಎದ್ದು ನಿಲ್ಲುತ್ತಾನೆ. ಕೊಂದಷ್ಟೂ ಹೆಚ್ಚುವ ವೈರಿ. ದೇವಿಗೆ ಎಷ್ಟೇ ಬಲವಿದ್ದರೂ ಆ ಕಟ್ಟಳೆಯನ್ನು ಮೀರುವಂತಿಲ್ಲ. ಹನಿ ನೆಲ ಮುಟ್ಟುವ ಮೊದಲೇ ಕಾಳಿ ಅದನ್ನು ಕುಡಿದುಬಿಡಬೇಕು. ನಾನು ಫ್ಯಾಂಟಸಿಯನ್ನು ಅಳೆಯುವುದು ಇದರಿಂದಲೇ. ಮಾಯೆಗೆ ಒಂದು ಕಟ್ಟಳೆ ಇರಬೇಕು, ಅದನ್ನು ಬಳಸಿದವರು ಏನನ್ನಾದರೂ ತೆರಬೇಕು. ಎರಡೂ ಇಲ್ಲದಿದ್ದರೆ ಪುಸ್ತಕ ಎಷ್ಟೇ ದಪ್ಪವಿರಲಿ, ಅದರಲ್ಲಿ ಎಷ್ಟೇ ಡ್ರ್ಯಾಗನ್‌ಗಳು ಹಾರಲಿ, ನನ್ನ ಮನಸ್ಸು ಅದರಲ್ಲಿ ನಿಲ್ಲುವುದಿಲ್ಲ.

ಎ.ಕೆ. ರಾಮಾನುಜನ್ ಕರ್ನಾಟಕದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಬಾಯಿಂದ ಕೇಳಿ ದಾಖಲಿಸಿದ ಹೂವಿನ ಗಿಡವಾಗುವ ಹುಡುಗಿಯ ಕಥೆಯಲ್ಲಿ ಈ ಕಟ್ಟಳೆ ಎಷ್ಟು ಚೆಂದ ಇದೆ! ಬಡವರ ಮನೆಯ ಹುಡುಗಿ. ಎರಡು ಕೊಡ ನೀರು ಬೇಕು, ಉಗುರು ತಾಗಬಾರದು. ಒಂದು ಕೊಡ ಮೈಮೇಲೆ ಸುರಿದರೆ ಅವಳು ಹೂಬಿಟ್ಟ ಗಿಡ. ಹೂವನ್ನು ಟೊಂಗೆಗೆ ನೋವಾಗದಂತೆ ಬಿಡಿಸಿಕೊಂಡು ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಮಾರಿ ಅವ್ವನ ಸಂಸಾರಕ್ಕೆ ನೆರವಾಗಲೆಂದು ಅವಳು ಗಿಡವಾಗುತ್ತಾಳೆ. ರಾಜನ ಮಗ ಮದುವೆಯಾಗುತ್ತಾನೆ. ಅರಮನೆಯಲ್ಲಿ ನಾದಿನಿಯ ಒತ್ತಾಯಕ್ಕೆ ಗಿಡವಾದಾಗ ಆಟದ ಹುಡುಗಿಯರು ಟೊಂಗೆ ಮುರಿಯುತ್ತಾರೆ, ನೀರನ್ನು ಬೇಕಾಬಿಟ್ಟಿ ಚೆಲ್ಲಿ ಹೋಗಿಬಿಡುತ್ತಾರೆ. ಕೈಕಾಲಿಲ್ಲದ ಬೊಡ್ಡೆಯಾಗಿ ಅವಳು ಬಿದ್ದಿರುತ್ತಾಳೆ. ಗಂಡ ಮುರಿದ ಟೊಂಗೆಗಳನ್ನು ಜೋಡಿಸಿ ನೀರು ಸುರಿದಾಗಲೇ ಅವಳು ಮತ್ತೆ ಇಡಿಯಾಗುವುದು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಇದನ್ನು ಆಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಹೇಳಿದ ಕಥೆ ಅಷ್ಟು ದೂರ ಹೋಗಿದೆ. ಇಂಥವನ್ನು ಉಳಿಸುವ ಕೆಲಸ ನಮ್ಮ ಸೀಮೆಯಲ್ಲಿ ಮೊದಲೇ ಶುರುವಾಗಿತ್ತು. ಇಂಡಿ ಕಡೆಯ ಹಲಸಂಗಿ ಗೆಳೆಯರು ಹೊಲ, ಬೀಸುಕಲ್ಲುಗಳ ಹತ್ತಿರ ಕೂತು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲೇ ಅಚ್ಚಾಯಿತು.

ಹೊರಗಿನವರನ್ನೂ ನಾನು ಅಷ್ಟೇ ಪ್ರೀತಿಯಿಂದ ಓದುತ್ತೇನೆ. ಟೋಲ್ಕೀನನ ‘ದ ಹಾಬಿಟ್’ ಅಚ್ಚಾದದ್ದು 1937ರಲ್ಲಿ, ‘ಲಾರ್ಡ್ ಆಫ್ ದ ರಿಂಗ್ಸ್’ ಬಂದದ್ದು 1954–55ರಲ್ಲಿ. ಉಂಗುರ ತೊಟ್ಟವನು ಕಣ್ಣಿಗೆ ಕಾಣುವುದಿಲ್ಲ, ತೊಟ್ಟಷ್ಟೂ ಒಳಗಿನಿಂದ ಸವೆಯುತ್ತಾನೆ: ಅಲ್ಲಿಯೂ ಕಟ್ಟಳೆ, ಅಲ್ಲಿಯೂ ತೆರಿಗೆ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಪ್ರಕಟಿಸಿದ ‘ಅರ್ತ್‌ಸೀ’ಯ ಮಾಂತ್ರಿಕ ಹುಡುಗ ಸೊಕ್ಕಿನಿಂದ ಒಂದು ನೆರಳನ್ನು ಎಬ್ಬಿಸಿ, ಆಮೇಲೆ ಅದರಿಂದ ಓಡಿ ಓಡಿ, ಕೊನೆಗೆ ತಿರುಗಿ ನಿಂತು ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತಾನೆ. ಗೋರಕ್ಷನ ಪ್ರಸಂಗ ಕೇಳಿ ಬೆಳೆದ ಯಾರಿಗೂ ಈ ಪುಸ್ತಕ ಪರಕೀಯವೆನಿಸದು. ನಮ್ಮ ಜವಾರಿ ಕನ್ನಡದಲ್ಲಿ ಅದನ್ನು ಮಠದ ಕಟ್ಟೆಯ ಮೇಲೆ ಓದಿ ಹೇಳುವಂತಾಗಬೇಕು ಎಂಬುದು ನನ್ನ ದೊಡ್ಡ ಆಸೆಗಳಲ್ಲಿ ಒಂದು.

ಜಾರ್ಜ್ ಮಾರ್ಟಿನ್‌ನ ಫ್ಯಾಂಟಸಿ ಮಾಲಿಕೆಯ ಓದುಗರು 2011ರಲ್ಲಿ ಐದನೆಯ ಸಂಪುಟ ಬಂದಂದಿನಿಂದ ಆರನೆಯದಕ್ಕಾಗಿ ಕಾಯುತ್ತಿದ್ದಾರೆ. ಕಾಯುವುದೂ ಓದಿನ ಒಂದು ಭಾಗವೆಂದು ಈ ಕಡೆಯ ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ಗಳಗನಾಥರು ತಾವು ಬರೆದ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ನಡೆದು ಮಾರುತ್ತಿದ್ದರು. ಜನ ಅವರ ದಾರಿ ನೋಡುತ್ತಿದ್ದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ತೆರೆದ ಮೇಲೆ ಓದುಗರು ವರ್ಷದ ಚಂದಾ ಕಟ್ಟಿ ಟಪಾಲಿನವನಿಗಾಗಿ ಕಾಯುತ್ತಿದ್ದರು. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಧಾರಾವಾಹಿಗಳಿಗೆ ಮಕ್ಕಳು ತಿಂಗಳಿಡೀ ಕಾದರು. ರಕ್ಕಸರು, ಪಾಳುಕೋಟೆ, ಮಾಂತ್ರಿಕರು ತುಂಬಿದ ಆ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದ ದಾಸರಿ ಸುಬ್ರಹ್ಮಣ್ಯಂ ಅವರ ಹೆಸರೇ ಪತ್ರಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ. ಹೆಸರು ತಿಳಿಯದ ಆ ಮನುಷ್ಯನಿಗೆ ಎಷ್ಟು ಮಕ್ಕಳು ಋಣಿ!

ಈ ವರ್ಷದ ಬೇಸಿಗೆಗೆ ನಾನು ಬರೆದಿಟ್ಟುಕೊಂಡವು ಹೆಚ್ಚಿಲ್ಲ. ದೇವುಡು ಅವರ ‘ಮಹಾಬ್ರಾಹ್ಮಣ’, ‘ಮಹಾಕ್ಷತ್ರಿಯ’, ‘ಮಹಾದರ್ಶನ’ ಒಂದರ ಹಿಂದೆ ಒಂದು. ಮನುಷ್ಯನಾಗಿ ಇಂದ್ರಪದವಿ ಏರಿದ ನಹುಷನ ಕಥೆಯನ್ನು ಅಷ್ಟು ಗಂಭೀರವಾಗಿ ಕಟ್ಟಿದವರು ಕಡಿಮೆ. ಆಮೇಲೆ ಚಂದ್ರಶೇಖರ ಕಂಬಾರರ ‘ಚಕೋರಿ’, ಅದರ ಬೆನ್ನಿಗೆ ‘ಶಿಖರಸೂರ್ಯ’. ಕಂಬಾರರ ಶಿವಾಪುರ ನನಗೆ ಟೋಲ್ಕೀನನ ಲೋಕಕ್ಕಿಂತ ಹತ್ತಿರದ್ದು. ಅಲ್ಲಿ ಯಕ್ಷಿ ಇದ್ದಾಳೆ, ಹಾಡಿನಲ್ಲಿ ಮಾಯೆ ಇದೆ, ಗಿಡಮೂಲಿಕೆಯ ವಿದ್ಯೆಯನ್ನು ಅಧಿಕಾರಕ್ಕೆ ಹೂಡಿದವನ ಏರಿಕೆಯೂ ಬೀಳೂ ಇದೆ. ಮಾತಿನ ಲಯ ಮಾತ್ರ ನಮ್ಮ ಹಳ್ಳಿಯ ಕಟ್ಟೆಯದು. 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಸಿರಿಸಂಪಿಗೆ’ ನಾಟಕವನ್ನು ಇವುಗಳ ನಡುವೆ ಇಟ್ಟಿದ್ದೇನೆ. ತನ್ನನ್ನು ಎರಡು ಸೀಳಿ ಎರಡು ಕೊಡಗಳಲ್ಲಿ ಇಡಿ ಎನ್ನುವ ರಾಜಕುಮಾರ, ಒಂದು ಕೊಡದಿಂದ ಹೊರಬರುವ ಹಾವು: ರಂಗದ ಮೇಲೆ ಆಗಬಹುದಾದ ಮಾಯೆಯ ಎತ್ತರ ಅದು. ಪುಸ್ತಕ ಕೊಳ್ಳಬೇಕೆನ್ನುವ ಹುಡುಗರಿಗೆ ನಾನು ನವೆಂಬರ್ ತನಕ ದುಡ್ಡು ಕೂಡಿಡಲು ಹೇಳುತ್ತೇನೆ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಡುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ದಾರಿ ಕಾಯುತ್ತಿರುವ ಪುಸ್ತಕವನ್ನು ಇನ್ನೂ ಯಾರೂ ಬರೆದಿಲ್ಲ. ಅದು ಈ ಮಣ್ಣಿನಿಂದ ಏಳಬೇಕು. ನಮ್ಮ ದೇವರ ಹಿಪ್ಪರಗಿ ಶರಣ ಮಡಿವಾಳ ಮಾಚಯ್ಯನ ಊರು. ಶರಣರ ಮೈಲಿಗೆ ತೊಳೆಯುವ ಕಾಯಕದ ಮನುಷ್ಯ, ಬಿಜ್ಜಳ ಬಿಟ್ಟ ಆನೆಯನ್ನು ಎದುರಿಸಿ ನಿಂತ ಕಥೆ ಬಸವಪುರಾಣದಲ್ಲಿದೆ. ಬನ್ನಿ ಹಬ್ಬದ ಹೊತ್ತಿಗೆ ರಾವುತರಾಯನ ಜಾತ್ರೆ ಕೂಡಿದಾಗ ಭಂಡಾರದಿಂದ ಊರೇ ಹಳದಿಯಾಗುತ್ತದೆ. ಕುದುರೆಯೇರಿದ ಆ ದೇವರು, ಅವನ ಕಥೆಯ ಮಣಿ–ಮಲ್ಲ ಎಂಬ ದೈತ್ಯರು, ಕಲ್ಯಾಣದ ದಾರಿ ಹಿಡಿದ ಮಡಿವಾಳ: ಇಷ್ಟು ಕೈಯಲ್ಲಿರುವ ಊರಿಗೆ ತನ್ನದೇ ಕಾದಂಬರಿ ಬೇಡವೇ?

ನಮ್ಮ ಓಣಿಯ ಪಿಯುಸಿ ಓದುವ ಹುಡುಗಿಯೊಬ್ಬಳು ಮೊನ್ನೆ ‘ಶಿಖರಸೂರ್ಯ’ ತಿರುಗಿ ಕೊಡಲು ಬಂದಿದ್ದಳು.

“ಕಾಕಾ, ಇಂಥಾದ್ದು ಮತ್ತೇನೈತ್ರಿ?”

“ಸಿರಿಸಂಪಿಗೆ ಓದವ್ವಾ.”

“ಓದೀನ್ರಿ. ನಮ್ಮೂರಿಂದು ಬೇಕ್ರಿ. ರಾವುತರಾಯನ ಕುದರಿ ಮ್ಯಾಲ ನಾನ ಒಂದು ಬರಿಯಾಕ ಹತ್ತೀನ್ರಿ. ಅದು ಹಾರತೈತ್ರಿ.”

ನನ್ನ ಎದೆ ಝಲ್ಲೆಂದಿತು. ಹಾರಲಿ, ಆದರೆ ಅದು ಹಾರಿದ್ದಕ್ಕೆ ಯಾರು ಏನು ತೆರಬೇಕು ಎಂದು ಮೊದಲು ಗೊತ್ತುಮಾಡಿಕೋ ಎಂದೆ. ಅವಳು ಅದನ್ನು ಆಗಲೇ ಗೊತ್ತುಮಾಡಿಕೊಂಡಿದ್ದಳು.

“ಕುದರಿ ಹಾರಿದ ವರ್ಷ ಮಳಿ ಆಗಾಂಗಿಲ್ರಿ. ಅದಕ್ಕ ಊರಾನ ಮಂದಿ ಅದನ್ನ ಕಟ್ಟಿ ಹಾಕ್ಯಾರ. ಒಬ್ಬಾಕಿ ಹುಡುಗಿಗಿ ಮಾತ್ರ ಅದರ ಹಗ್ಗ ಎಲ್ಲೈತಿ ಗೊತ್ತೈತ್ರಿ.”

“ಮುಂದ?”

“ಇನ್ನಾ ಬರದಿಲ್ರಿ ಕಾಕಾ.”