ರೋಡ್‌ಕಿಂಗ್‌ಗೆ ಯಾವ ಕಾರ್ಬೊರೇಟರ್?

ಡಿಸೆಂಬರ್ 1, 2024, ಭಾನುವಾರ
ಕಟ್ಟೆಮಳಲವಾಡಿ

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಸಂಕ್ರಾಂತಿಯೊಳಗೆ ರಸ್ತೆಗಿಳಿಯಬೇಕು. ಬೋರ್ ಮಾಡಿಸಿದ್ದಾಯಿತು, ಹೊಸ ಪಿಸ್ಟನ್ ಬಂತು, ಕ್ರ್ಯಾಂಕಿನ ಆಯಿಲ್ ಸೀಲ್ ಬದಲಾಯಿತು. ಉಳಿದಿರುವುದು ಕಾರ್ಬೊರೇಟರ್. ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪಿನ ಬೇಲ್ ತಂದ ಗೆಳೆಯರನ್ನು ಕೇಳಿದರೆ, ಈಚಿನ ಯಾವುದಾದರೂ ದೊಡ್ಡ ಬೈಕಿನದು ಹಾಕು, ಕಿತ್ತುಕೊಂಡು ಹೋಗುತ್ತೆ ಅಂತಾರೆ.

ನನಗೆ ಒಪ್ಪಿಗೆಯಿಲ್ಲ. ಈಚಿನ ಎಷ್ಟೋ ನಾಲ್ಕು ಸ್ಟ್ರೋಕ್ ಬೈಕುಗಳ ಕಾರ್ಬೊರೇಟರಿನಲ್ಲಿ ಗಾಳಿಯ ದಾರಿ ತೆರೆಯುವ ಸ್ಲೈಡನ್ನು ಮೇಲೆತ್ತುವುದು ಕೇಬಲ್ ಅಲ್ಲ, ಎಂಜಿನ್ನಿನ ಎಳೆತ. ರೋಡ್‌ಕಿಂಗ್ ಟೂ ಸ್ಟ್ರೋಕ್; ಅದಕ್ಕೆ ವಾಲ್ವೇ ಇಲ್ಲ, ಪಿಸ್ಟನ್ನಿನ ಅಂಚೇ ಪೋರ್ಟ್ ತೆರೆದು ಮುಚ್ಚುತ್ತದೆ. ನಿಧಾನಕ್ಕೆ ಓಡುವಾಗ ಒಳಗೆ ಹೋದದ್ದರಲ್ಲಿ ಒಂದಿಷ್ಟು ವಾಪಸ್ ಉಗುಳುತ್ತದೆ. ಅಂಥ ಕಡೆ ಎಳೆತವನ್ನೇ ನಂಬಿದ ಸ್ಲೈಡ್ ಹೇಗೆ ಸರಿಯಾಗಿ ಕೆಲಸ ಮಾಡೀತು?

ಡಿಸೆಂಬರ್ 8, ಭಾನುವಾರ

ಹುಣಸೂರಿನ ಮೇಸ್ತ್ರಿ ಗಾಡಿಯ ಹಳೆಯ ಜಿಕೋವ್ ಕಾರ್ಬೊರೇಟರ್ ಬಿಚ್ಚಿ, ಸ್ಲೈಡ್ ಇಳಿಸಿ, ಬೆಳಕಿಗೆ ಹಿಡಿದರು. ಸ್ಲೈಡಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. "ನೋಡಿ ಅಣ್ಣ, ಗಾಳಿ ಇಲ್ಲೇ ಕಳ್ಳದಾರೀಲಿ ನುಗ್ಗುತ್ತೆ. ಐಡಲ್ ಎಲ್ಲಿ ನಿಲ್ಲುತ್ತೆ?" ಎಂದರು. ಬಾಡಿಯೇ ಸವೆದ ಮೇಲೆ ಜೆಟ್ ಬದಲಿಸಿ ಫಲವಿಲ್ಲ.

ಹಾಗಾಗಿ ಕೇಬಲ್ಲೇ ಸ್ಲೈಡ್ ಎತ್ತುವ ಮಿಕುನಿಯ ವಿಎಂ ಮಾದರಿ ಹಾಕುವುದೆಂದಾಯಿತು, ಜಿಕೋವ್‌ನ ಬಾಯಷ್ಟೇ ಅಳತೆಯದು. ದೊಡ್ಡದು ಬೇಡ ಎಂದು ನಾನೇ ಹೇಳಿದೆ. ಬಾಯಿ ಅಗಲವಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಬೀಳುತ್ತದೆ, ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ. ಊರೊಳಗೆ, ಗದ್ದೆ ದಾರಿಯಲ್ಲಿ ಓಡುವ ಗಾಡಿಗೆ ಕಡಿಮೆ ಆರ್‌ಪಿಎಂನಲ್ಲಿ ಎಳೆಯುವ ಶಕ್ತಿಯೇ ಮುಖ್ಯ. ಈ ಗಾಡಿ ತಯಾರಾದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ 1961ರಿಂದ 1996ರವರೆಗೆ ನಡೆದ ಕಾರ್ಖಾನೆ. ಅಲ್ಲಿ ಪೋರ್ಟು, ಸೈಲೆನ್ಸರು, ಕಾರ್ಬೊರೇಟರು ಮೂರನ್ನೂ ಒಂದಕ್ಕೊಂದು ಹೊಂದಿಸಿದ್ದರು. ಒಂದನ್ನು ಮಾತ್ರ ಹಿಗ್ಗಿಸುವುದು ನ್ಯಾಯವಲ್ಲ.

ಡಿಸೆಂಬರ್ 15, ಭಾನುವಾರ

ಇವತ್ತಿನ ಕೆಲಸ ನನಗೆ ಬಹಳ ಇಷ್ಟವಾಯಿತು. ಕಾರ್ಬೊರೇಟರ್ ಕೂರುವ ಅಲ್ಯೂಮಿನಿಯಂ ಫ್ಲೇಂಜ್ ಬಾಗಿತ್ತು. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಿದೆ. ಮೊದಲು ಬೋಲ್ಟಿನ ತೂತುಗಳ ಸುತ್ತ ಮಾತ್ರ ಹೊಳಪು, ನಡುವೆ ಮಂಕು. ಉಜ್ಜುತ್ತಾ ಹೋದಂತೆ ಹೊಳಪು ಒಳಕ್ಕೆ ಹರಿದು ಎರಡು ಕಡೆಯೂ ಕೂಡಿಕೊಂಡಿತು. ಆಮೇಲೆ ಹೊಸ ಗ್ಯಾಸ್ಕೆಟ್. ಗ್ಯಾಸ್ಕೆಟ್ಟಿನ ಅಂಚು ಗಾಳಿಯ ದಾರಿಗೆ ಚಾಚದಂತೆ ಬ್ಲೇಡಿನಲ್ಲಿ ಕತ್ತರಿಸಿದೆ.

ಏರ್ ಫಿಲ್ಟರ್ ತೆಗೆದು ಬಾಯಿ ಬಿಟ್ಟು ಓಡಿಸುವ ಚಾಳಿ ನಮ್ಮ ಕಡೆ ಇದೆ. ಸದ್ದೇನೋ ಜೋರು. ಆದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾದಂತೆಯೇ, ಏಕೆಂದರೆ ಇಂಥ ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬೇಲ್ ತುಂಬಿದ ಟೆಂಪೋಗಳು ಎಬ್ಬಿಸುವ ಧೂಳು ಬೇರೆ. ಕಂಪನಿಯ ಫಿಲ್ಟರ್ ಡಬ್ಬಿಯನ್ನೇ ತೊಳೆದು ಹಾಕಿದೆ.

ಡಿಸೆಂಬರ್ 22, ಭಾನುವಾರ

ಬಿಳಿಕೆರೆವರೆಗೆ ಹೋಗಿಬಂದೆ. ಮಧ್ಯೆ ಫುಲ್ ಆಕ್ಸಿಲರೇಟರಿನಲ್ಲಿ ಕ್ಲಚ್ ಹಿಡಿದು, ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿದರೆ ಬಿಳಿಚಿಕೊಂಡಿತ್ತು. ಚಳಿಯ ಗಾಳಿ ದಟ್ಟ, ಪೆಟ್ರೋಲಿನಲ್ಲಿ ಎಥನಾಲ್ ಬೇರೆ. ಎರಡಕ್ಕೂ ಮಿಶ್ರಣ ಒಂದಿಷ್ಟು ಗಟ್ಟಿ ಬೇಕು. ಒಂದು ನಂಬರ್ ದೊಡ್ಡ ಮೇನ್ ಜೆಟ್ ಹಾಕಿದ ಮೇಲೆ ಪ್ಲಗ್ ಕಾಫಿ ಬಣ್ಣಕ್ಕೆ ಬಂತು. ಐಡಲ್ ನಿಂತಿದೆ. ಮೂರನೇ ಗೇರಿನಲ್ಲಿ ಏರು ಹತ್ತುತ್ತದೆ.

ತಮ್ಮಾ, ಗಾಡಿ ನಿನ್ನ ಕೈಗೆ ಬಂದಾಗ ಈ ಪುಟ ನೋಡು. ಫಿಲ್ಟರ್ ತೆಗೆಯಬೇಡ. ಬೇಸಿಗೆಯಲ್ಲಿ ಹೊಗೆ ಜಾಸ್ತಿಯಾಯಿತು ಅನ್ನಿಸಿದರೆ ಮೊದಲು ಪ್ಲಗ್ ಬಿಚ್ಚಿ ನೋಡು, ಆಮೇಲೆ ಜೆಟ್ ಮುಟ್ಟು.