ಮಾಸು ಜಾರುವುದಿಲ್ಲ, ಸೋದರಿಯರೇ

ಹೆರಿಗೆಯಾಯಿತೆಂದರೆ ಹಿರಿಯರ ಮೊದಲ ಪ್ರಶ್ನೆ ‘ಗಂಡೋ ಹೆಣ್ಣೋ?’, ಎರಡನೆಯದು ‘ಕಸ ಬಿತ್ತಾ?’ ಕಸ, ಮಾಸು, ಪುಸ್ತಕದವರ ಜರಾಯು ಎಲ್ಲ ಒಂದೇ. ಹೆಸರಿಗೆ ಕಸ, ಹೊಟ್ಟೆಯೊಳಗಿನ ಮಗುವಿಗೆ ಉಸಿರು, ಅಡುಗೆಮನೆ, ಬಚ್ಚಲು ಮೂರೂ ಅದೇ ನೋಡಿ!

ನಮ್ಮ ಸಂಬಂಧದ ಹುಡುಗಿಯೊಬ್ಬಳಿಗೆ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ‘ಮಾಸು ಕೆಳಗಿದೆ’ ಅಂದರು. ಅಷ್ಟೇ ಸಾಕಾಯಿತು. ಕೊಡ ಎತ್ತಿದ್ದಕ್ಕೇ ಜಾರಿತು ಎಂದರು ಅತ್ತೆ. ಬಸ್ಸಿನ ಕುಲುಕಾಟಕ್ಕೆ ಎಂದಳು ಓರಗಿತ್ತಿ. ಪಾಪ, ಬಸುರಿ ಹುಡುಗಿ ಊಟ ಬಿಟ್ಟು ಅತ್ತಳು.

ಮಾಸು ಹಾಗೆಲ್ಲ ಜಾರುವ ವಸ್ತುವಲ್ಲ. ಗರ್ಭ ಕಟ್ಟಿದ 6-7ನೇ ದಿನ, ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದಾದ ಜೀವಕಣಗಳ ಉಂಡೆಯೊಂದು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಹದ ಮಣ್ಣಿನಲ್ಲಿ ಬೀಜ ಊರಿದ ಹಾಗೆ, 12ನೇ ದಿನದ ಹೊತ್ತಿಗೆ ಪೂರ್ತಿ ಹುದುಗಿರುತ್ತದೆ. ಮಾಸು ಬೆಳೆಯಲು ಶುರುವಾಗುವುದು ಅಲ್ಲೇ. ಆಗಿನ್ನೂ ಅವಳಿಗೆ ಮುಟ್ಟು ತಪ್ಪಿದ್ದೂ ಗೊತ್ತಿರುವುದಿಲ್ಲ! ಕೊಡದ ತಪ್ಪೆಲ್ಲಿ ಬಂತು?

ಇನ್ನೊಂದು ಸೋಜಿಗ. ಮಾಸನ್ನು ಮುಖ್ಯವಾಗಿ ಕಟ್ಟುವುದು ತಾಯಿಯಲ್ಲ, ಮಗುವಾಗುವ ಆ ಉಂಡೆಯೇ. ಅದರ ಹೊರಗಿನ ಕಣಗಳು ಬೇರಿನಂತೆ ಕವಲೊಡೆದು, ತಾಯಿಯ ರಕ್ತನಾಳಗಳನ್ನು ಅಗಲ ಮಾಡಿಕೊಳ್ಳುತ್ತವೆ. ಮೂರು ತಿಂಗಳು ತುಂಬುವ ಹೊತ್ತಿಗೆ ಆ ಬೇರುಗಳ ಸುತ್ತ ತಾಯಿಯ ರಕ್ತ ಧಾರಾಳವಾಗಿ ಹರಿಯುತ್ತೆ. ಆದರೆ ಇಬ್ಬರ ರಕ್ತ ಒಂದರೊಳಗೊಂದು ಬೆರೆಯುವುದಿಲ್ಲ. ನಡುವೆ ತೆಳ್ಳನೆಯ ಪೊರೆಯಿದೆ. ಆಮ್ಲಜನಕ, ಸಕ್ಕರೆ, ರೋಗ ತಡೆಯುವ ಶಕ್ತಿ ಅದನ್ನು ದಾಟಿ ಮಗುವಿಗೆ ಸೇರುತ್ತವೆ. ಹೊಗೆಸೊಪ್ಪಿನ ವಿಷವೂ ದಾಟುತ್ತೆ. ಎಲೆಅಡಿಕೆಗೆ ಕಡ್ಡಿಪುಡಿ ಸೇರಿಸುವವರು ಬಸುರಿನಲ್ಲಾದರೂ ಬಿಡಿ.

ಹಾಗಾದರೆ ಕೆಳಗಿದ್ದ ಮಾಸಿನ ಗತಿ? ಗರ್ಭಕೋಶ ಬೆಳೆಯುತ್ತಲ್ಲ! ಅದರ ಕೆಳಭಾಗ ಹಿಗ್ಗುತ್ತಾ ಹೋದ ಹಾಗೆ, ಬಹುಪಾಲು ಹೆಂಗಸರಲ್ಲಿ ಮಾಸು ಗರ್ಭಕೋಶದ ಬಾಯಿಂದ ತಾನೇ ದೂರವಾಗುತ್ತೆ. ನಮ್ಮ ಹುಡುಗಿಗೆ ಎಂಟನೇ ತಿಂಗಳಲ್ಲಿ ಮತ್ತೆ ನೋಡಿದಾಗ ಹಾಗೇ ಆಗಿತ್ತು. ಕೆಲವರಿಗೆ ಕೆಳಗೇ ಉಳಿಯುವುದೂ ಉಂಟು. ಅದಕ್ಕೇ ಡಾಕ್ಟರು ಹೇಳಿದಾಗ ಮತ್ತೆ ಸ್ಕ್ಯಾನಿಂಗ್ ಮಾಡಿಸಬೇಕು. ನಡುವೆ ರಕ್ತ ಕಂಡರೆ, ನೋವಿಲ್ಲದಿದ್ದರೂ ಸರಿ, ಕಷಾಯ ಕಾಯಿಸುತ್ತಾ ಕೂರಬೇಡಿ. ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಡಿ.

ದಿನ ತುಂಬಿದಾಗ ಮಾಸು ಸುಮಾರು 500 ಗ್ರಾಂ ತೂಗುತ್ತೆ, ಅಗಲ ಒಂದು ರೊಟ್ಟಿಯಷ್ಟು, 20-22 ಸೆಂ.ಮೀ. ಮಗು ಬಂದ ಮೇಲೆ ದಾದಿ ಅದನ್ನು ತಿರುವಿ ತಿರುವಿ ನೋಡುವುದು ಸುಮ್ಮನೆ ಅಲ್ಲ. ಚೂರು ಒಳಗೆ ಉಳಿದರೂ ಬಾಣಂತಿಗೆ ರಕ್ತಸ್ರಾವ ನಿಲ್ಲದೇ ಹೋಗಬಹುದು.